ತುಳಜಾಬಾಯಿ ಯಾರ ಅವಲಂಬಿತೆ?

ಆಳಂದ
೮ ಜುಲೈ ೨೦೨೪

ಸಿದ್ದರಾಮಾ,

ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ನೀನು ಅರ್ಧ ಮಾತಿಗೇ ಕಟ್ ಮಾಡುತ್ತಿ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ, ಕೂತು ಓದು. ಸಿಟ್ಟಿಗೆದ್ದು ಹರಿದರೆ ಗೌರಾಬಾಯಿ ತುಂಡು ಜೋಡಿಸಿ ನಿನಗೆ ಓದಿ ಹೇಳುತ್ತಾಳೆ. ನಿನ್ನ ಹೆಂಡತಿಗೆ ನಿನಗಿಂತ ಬುದ್ಧಿ ಹೆಚ್ಚು.

ಕಲಬುರಗಿಯ ಹೃದಯದ ಡಾಕ್ಟರು ಹೇಳಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ. ಅವ್ವನ ಹೃದಯದ ಒಂದು ಕವಾಟ ಬಿಗಿದುಕೊಂಡು ಬಿಟ್ಟಿದೆ. ಗುಳಿಗೆಗೆ ಅದು ಸಡಿಲಾಗುವುದಿಲ್ಲ. ತೆಗೆದು ಬೇರೆ ಕೂರಿಸಬೇಕು. "ಈ ವರ್ಷದಾಗ ಮಾಡಿಸಿಬಿಡ್ರಿ, ಮುಂದಿನ ವರ್ಷ ಅಂತ ಇಟ್ಕೋಬ್ಯಾಡ್ರಿ" ಎಂದರು. ಖರ್ಚು ಕೇಳಿ ನಮ್ಮ ಮನೆಯವರು ಸುಮ್ಮನೆ ಕನ್ನಡಕ ತೆಗೆದು ಒರೆಸಿದರು. ನೀನು ಹೊಲ ಮಾರುತ್ತೇನೆ ಎಂದು ಮಾತ್ರ ಹೇಳಬೇಡ, ಅವ್ವ ಅದನ್ನು ಕೇಳಿಯೇ ಸತ್ತಾಳು.

ನಾನು ಕೆಲಸ ಮಾಡುವ ಬ್ಯಾಂಕಿನವರು ನಮಗೆಲ್ಲ ಆರೋಗ್ಯ ವಿಮೆ ಮಾಡಿಸಿದ್ದಾರೆ. ನನ್ನ ಅತ್ತೆ-ಮಾವ ಇಲ್ಲ, ಆ ಜಾಗಕ್ಕೆ ಅವ್ವನ ಹೆಸರು ಸೇರಿಸಬಹುದು. ಷರತ್ತು ಏನೆಂದರೆ ಅವ್ವ ನನ್ನ ಅವಲಂಬಿತೆಯಾಗಿರಬೇಕು, ನನ್ನ ಮನೆಯಲ್ಲೇ ಇರಬೇಕು. ಮಗನಿದ್ದರೆ ಅವನು, ತಾಯಿಯನ್ನು ತಾನು ನೋಡಿಕೊಳ್ಳುತ್ತಿಲ್ಲ ಎಂದು ಬರೆದುಕೊಡಬೇಕು. ಇಷ್ಟೇ ಹೇಳಿದ್ದೆ. ನೀನು ಹೇಗೆ ಒದರಿದೆ! "ನಾ ಏನ್ ಸತ್ತೇನೇನು? ಗಟ್ಟಿಮುಟ್ಟ ಮಗ ಇರೂಮುಂದ ಅವ್ವ ಮಗಳ ಕೂಳಿಗೆ ಬಿದ್ದಾಳ ಅಂತ ಬರಸ್ತಿಯೇನು?" ಹಿಂದಿನಿಂದ ಅವ್ವನ ದನಿ: "ಅಳಿಯನ ಮನ್ಯಾಗ ಎರಡ ದಿನದ ಮ್ಯಾಲ ಮೂರನೇ ದಿನ ಎಂದಾದ್ರೂ ಇದ್ದೇನೇನು ನಾ? ಬಿಡು ಅಂತ ಹೇಳು ಅಕಿಗೆ." ಆಮೇಲೆ ಫೋನ್ ಕಟ್.

ಆಗಲಿ. ನಿನ್ನ ಹತ್ತಿರ ಸರಕಾರದ ಆರೋಗ್ಯ ಕಾರ್ಡ್ ಇದೆಯಲ್ಲ? ಅದರಲ್ಲಿ ಅವ್ವನ ಹೆಸರೂ ಇದೆಯಲ್ಲ? ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗು. ಈ ಆಪರೇಷನ್ ನಮ್ಮಲ್ಲಿ ಆಗುವುದಿಲ್ಲ, ದೊಡ್ಡ ದವಾಖಾನೆಗೆ ಕಳಿಸಿದ್ದೇವೆ ಎಂದು ಅವರು ಚೀಟಿ ಬರೆದುಕೊಟ್ಟರೆ ಕಲಬುರಗಿಯಲ್ಲಿ ಖರ್ಚಿಲ್ಲದೆ ಆಗುತ್ತದೆ. ಗಟ್ಟಿಮುಟ್ಟ ಮಗ ಅಷ್ಟಾದರೂ ಮಾಡು.

ನಿನ್ನ ಅಕ್ಕ,
ನಾಗರತ್ನಾ


ಇಜೇರಿ
೨೪ ಜುಲೈ ೨೦೨೪

ಅಕ್ಕಾ,

ನಿನ್ನ ಕಾಗದವನ್ನು ಗೌರಾಬಾಯಿ ಅವ್ವನ ಎದುರಿಗೇ ದೊಡ್ಡ ದನಿಯಲ್ಲಿ ಓದಿದಳು. ತನಗೆ ಬುದ್ಧಿ ಹೆಚ್ಚು ಅನ್ನುವ ಸಾಲನ್ನು ಎರಡು ಸಲ ಓದಿದಳು. ನಿನಗೆ ಸಮಾಧಾನವಾಯಿತಲ್ಲ.

ದವಾಖಾನೆಗೆ ಹೋಗಿ ಬಂದೆವು. ಏನು ಹೇಳಲಿ, ನನ್ನ ತಲೆ ಕೆಟ್ಟು ಹೋಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ತಲೆ ತುಂಬ ಎರೆದುಕೊಂಡು, ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟು, ವಿಭೂತಿ ಹಚ್ಚಿ ಕೂತಿದ್ದಾಳೆ. "ಯವ್ವಾ, ಮದವಿಗೆ ಹೊಂಟೀವೇನು?" ಎಂದೆ. "ನಾಕ ಮಂದಿ ನಡುವ ಹೋಗೂದದ, ರೋಗಿಷ್ಟರಂಗ ಹೋಗಬೇಕೇನು?" ಎಂದಳು. ರೋಗ ತೋರಿಸಲಿಕ್ಕೆ ಹೊರಟವರು ಮತ್ತೆ ಹೇಗೆ ಹೋಗಬೇಕು ಹೇಳು!

ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಒಳ್ಳೆಯ ಹುಡುಗಿ. ಹೊರಗೆ ಜಾತ್ರೆಯಷ್ಟು ಮಂದಿ ಕಾಯುತ್ತಿದ್ದರೂ ಸಮಾಧಾನದಿಂದ ಕೇಳಿದಳು.

"ಏನ್ ತ್ರಾಸ ಅದರಿ ಅಮ್ಮಾರ?"

"ಏನಿಲ್ಲವ್ವಾ, ಆರಾಮ ಅದೀನಿ. ನೀ ಹೆಂಗದಿ? ಊಟ ಆತೇನು?"

"ನಡದ್ರ ದಮ್ಮು ಹತ್ತತದೇನ್ರಿ?"

"ಯಾರಿಗ ಹತ್ತಂಗಿಲ್ಲ ತಂಗಿ? ನಮ್ಮ ಬಾಜೂ ಮನಿ ಗುರಮ್ಮಗ ನನಗಿಂತ ಜಾಸ್ತಿ ಹತ್ತತದ."

ನಾನು ನಡುವೆ ಬಾಯಿ ಹಾಕಿದರೆ "ನೀ ಸುಮ್ಮ ಕೂಡೋ, ಅಕಿ ನನ್ನ ಕೇಳಾಕತ್ಯಾಳ" ಎಂದು ನನ್ನ ತೊಡೆ ಚಿವುಟಿದಳು. ನೀನು ಕಳಿಸಿದ ರಿಪೋರ್ಟು ತೋರಿಸಿದೆ. ಡಾಕ್ಟರಮ್ಮ, "ಇದು ಖಾಸಗಿಯವರದು, ನಾವು ನಮ್ಮ ಪರೀಕ್ಷೆ ಮಾಡಿಯೇ ಚೀಟಿ ಬರೀಬೇಕ್ರಿ, ಇನ್ನೊಂದ ದಿನ ಬರ್ರಿ" ಎಂದಳು. ಶಕ್ತಿಗೆ ಅಂತ ಗುಳಿಗೆ ಕೊಟ್ಟಳು. ಅವಳದೇನು ತಪ್ಪು? ಅವಳ ಮುಂದೆ ಕೂತವಳು ಲಗ್ನದ ಬೀಗತಿಯಂತೆ ನಗುತ್ತಿದ್ದಳು.

ಹೊರಗೆ ಬಂದು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅವ್ವ ಕಟ್ಟೆಯ ಮೇಲೆ ಕುಸಿದಳು. ತುಟಿ ನೀಲಿಯಾಗಿತ್ತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಇದನ್ನ ಒಳಗ ಯಾಕ ಹೇಳಲಿಲ್ಲ?" ಎಂದು ಚೀರಿದೆ. "ಪಾಪ, ಅಷ್ಟು ಮಂದಿನ್ನ ನೋಡಬೇಕು ಅಕಿ. ನಂದೊಂದು ಪುರಾಣ ಅಕಿಗ್ಯಾಕೋ" ಎಂದಳು.

ಇಂಥವಳನ್ನು ಕಟ್ಟಿಕೊಂಡು ನಾನು ಯಾವ ವಿಮೆ ಪಡೆಯಲಿ?

ನಿನ್ನ ತಮ್ಮ,
ಸಿದ್ದರಾಮೇಶ


ಆಳಂದ
೩ ಆಗಸ್ಟ್ ೨೦೨೪

ಸಿದ್ದರಾಮಾ,

ಅವ್ವನನ್ನು ಒಳಗೆ ಮಾತಾಡಲು ಬಿಟ್ಟವನು ನೀನೇ. ಈ ಸಲ ನೀನು ಹೊರಗೆ ನಿಲ್ಲು, ಗೌರಾಬಾಯಿಯನ್ನು ಕಳಿಸು. ಅವಳು ಅತ್ತೆಯ ಬಾಯಿ ಮುಚ್ಚಿಸುತ್ತಾಳೆ. ಕೆಲಸದ ಸೀರೆಯಲ್ಲೇ ಕರೆದುಕೊಂಡು ಹೋಗಿ. ಗೇಟಿನಿಂದ ಒಳಗಿನವರೆಗೆ ನಡೆಸಿಕೊಂಡು ಹೋಗಿ, ಉಸಿರು ಹತ್ತಿದ್ದನ್ನು ಡಾಕ್ಟರಮ್ಮ ಕಣ್ಣಾರೆ ನೋಡಲಿ. ನನ್ನ ತಾಯಿಯ ಬಗ್ಗೆ ಇಂಥ ಮಾತು ಬರೆಯುವ ಹಾಗಾಯಿತಲ್ಲ ಎಂದು ನನಗೇ ಹೇಸಿಗೆಯಾಗುತ್ತಿದೆ, ಆದರೂ ಹಾಗೇ ಮಾಡು.

ಬೇಗ ಮಾಡು, ಸಿದ್ದೂ.

ನಾಗರತ್ನಾ


ಇಜೇರಿ
೧೧ ಸೆಪ್ಟೆಂಬರ್ ೨೦೨೪

ಅಕ್ಕಾ,

ಚೀಟಿ ಸಿಕ್ಕಿತು. ಗೌರಾಬಾಯಿ ಗೆದ್ದಳು. ಡಾಕ್ಟರಮ್ಮ ಎದೆಗೆ ಯಂತ್ರ ಇಟ್ಟು ಕೇಳಿದ ಮೇಲೆ ಅವ್ವನಿಗೇ ಬೈದಳಂತೆ. "ಇಷ್ಟು ದಿನ ಹೆಂಗ ಸುಮ್ಮ ಇದ್ರಿ?" ಎಂದಳಂತೆ. ಅವ್ವ ಅವಳಿಗೆ ಮನೆಯ ತೊಗರಿಬೇಳೆ ಒಯ್ದು ಕೊಡಬೇಕು ಅಂತ ಹಟ ಹಿಡಿದಿದ್ದಾಳೆ.

ಇಷ್ಟರವರೆಗೆ ಓದಿ ಖುಷಿಪಟ್ಟಿದ್ದರೆ ಇನ್ನು ಮುಂದಿನದನ್ನು ಕೂತು ಓದು. ಕಲಬುರಗಿಯ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿ ಕಾರ್ಡಿನವರಿಗೆ ಅಂತಲೇ ಒಂದು ಟೇಬಲ್ ಇದೆ, ಬಿಲಾಲ ಅನ್ನುವ ಹುಡುಗ ಕೂರುತ್ತಾನೆ. ಕಂಪ್ಯೂಟರಿನಲ್ಲಿ ನಮ್ಮ ಕಾರ್ಡಿನ ನಂಬರು ಹೊಡೆದ. ಮತ್ತೊಮ್ಮೆ ಹೊಡೆದ. ಆಮೇಲೆ ನನ್ನ ಮುಖ ನೋಡಿದ.

"ಅಣ್ಣಾರ, ನಿಮ್ಮ ರೇಷನ್ ಕಾರ್ಡ್ ಬಡವರ ಲೆಕ್ಕದಿಂದ ಹೊರಗ ಹೋಗ್ಯಾದರಿ. ನಿಮಗ ಖರ್ಚಿನಾಗ ಸಣ್ಣ ಪಾಲಷ್ಟ ಸಿಗತದ. ಉಳಿದದ್ದು ಕೈಯಿಂದ ಹಾಕಬೇಕಾಗತದ."

"ಯಾಕೋ ತಮ್ಮಾ? ನಾ ಏನ್ ಮಾಡೇನಿ?"

"ನೀವು ಇನ್‌ಕಮ್ ಟ್ಯಾಕ್ಸಿನಾಗ ಅದೀರಿ. ದೊಡ್ಡ ತೊಗರಿ ವ್ಯಾಪಾರಿ ಅಂತ ಅದ."

ನಾನು, ತೊಗರಿ ವ್ಯಾಪಾರಿ! ಗೊತ್ತಾಯಿತೇ? ಹೋದ ವರ್ಷ ಟ್ರ್ಯಾಕ್ಟರ್ ಸಾಲಕ್ಕೆ ಓಡಾಡುವಾಗ ಅಫಜಲಪುರದ ಏಜೆಂಟ ಹುಲೆಪ್ಪ, "ಟ್ಯಾಕ್ಸಿನ ಕಾಗದದಾಗ ಆದಾಯ ತೋರಿಸಿದ್ರ ಸಾಲ ಜಲ್ದಿ ಆಗತದ, ನಾ ಎಲ್ಲಾ ಮಾಡತೇನಿ, ನೀ ಸಹಿ ಒಗಿ" ಅಂದಿದ್ದ. ಊರಲ್ಲಿ ಟ್ರ್ಯಾಕ್ಟರ್ ತಗೊಂಡ ಎಲ್ಲರೂ ಹಾಗೇ ಮಾಡಿಸಿದ್ದಾರೆ. ಒಬ್ಬ ಹತ್ತಿ ವ್ಯಾಪಾರಿ, ಒಬ್ಬ ಬೆಲ್ಲದ ವ್ಯಾಪಾರಿ. ಇಜೇರಿಯಲ್ಲಿ ಇಷ್ಟು ಸಾಹುಕಾರರಿದ್ದೇವೆ ಅಂತ ನಮಗೇ ಗೊತ್ತಿರಲಿಲ್ಲ. ಹುಲೆಪ್ಪನಿಗೆ ಫೋನ್ ಹಚ್ಚಿದರೆ, "ಟ್ರ್ಯಾಕ್ಟರ್ ಬಂತೋ ಇಲ್ಲೋ?" ಅನ್ನುತ್ತಾನೆ ಆ ಭಾಡ್ಯಾ.

ಮತ್ತೆ ಬಡವನಾಗಲು ಅರ್ಜಿ ಹಾಕಿದ್ದೇನೆ. ಕಚೇರಿಯಲ್ಲಿ ಯಾವಾಗ ಆಗುತ್ತದೆ ಎಂದು ಕೇಳಿದರೆ ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾರೆ. ಕಂಪ್ಯೂಟರಿಗೆ ಕೇಳಿದರೆ ಅದು ಸುತ್ತುತ್ತಲೇ ಇರುತ್ತದೆ. ಬಿಲಾಲ ಪಾಪ ತನ್ನ ಊಟ ಬಿಟ್ಟು ನಾಲ್ಕು ಕಡೆ ಫೋನ್ ಮಾಡಿದ, ಎಲ್ಲರೂ ಅದನ್ನೇ ಹೇಳಿದರು. ಅವ್ವ ಅವನ ತಲೆ ಸವರಿ, "ಇರಲಿ ಬಿಡಪ್ಪಾ, ನೀ ತ್ರಾಸ ತಗೋಬ್ಯಾಡ" ಎಂದು ಎದ್ದುಬಿಟ್ಟಳು. ಅವಳಿಗೆ ಅದೇ ಬೇಕಾಗಿತ್ತು.

ಸಿದ್ದರಾಮೇಶ


ಆಳಂದ
೧೯ ಸೆಪ್ಟೆಂಬರ್ ೨೦೨೪

ತೊಗರಿ ವ್ಯಾಪಾರಿಗಳೇ,

ನಗಬೇಕೋ ಅಳಬೇಕೋ ತಿಳಿಯದೆ ಬ್ಯಾಂಕಿನ ಹಿಂದಿನ ಕೋಣೆಗೆ ಹೋಗಿ ಎರಡನ್ನೂ ಮಾಡಿ ಬಂದೆ. ನನ್ನನ್ನು ಒಂದು ಮಾತು ಕೇಳಿದ್ದರೆ? ದಿನವೂ ಸಾಲದ ಅರ್ಜಿ ನೋಡುವವಳು ನಾನು. ಅಕ್ಕನನ್ನು ಕೇಳಿದರೆ ಸಣ್ಣವನಾಗುತ್ತೇನೆ ಎಂದುಕೊಂಡೆ ನೀನು. ಇರಲಿ, ಹಳೆಯದನ್ನು ಎಳೆಯುವುದಿಲ್ಲ.

ಈಗ ಕೇಳು. ನಮ್ಮ ವಿಮೆಗೆ ಹೆಸರು ಸೇರಿಸಲು ಅಕ್ಟೋಬರ್ ಕೊನೆಯವರೆಗೆ ಮಾತ್ರ ಅವಕಾಶ. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಡಾಕ್ಟರು ಒಂದು ವರ್ಷ ಕೊಟ್ಟಿಲ್ಲ. ನೀನು ಜೇವರ್ಗಿಗೆ ಹೋಗಿ ನೋಟರಿಯ ಮುಂದೆ ಇಷ್ಟು ಬರೆದುಕೊಡಬೇಕು: "ನನ್ನ ತಾಯಿ ತುಳಜಾಬಾಯಿ ನನ್ನ ಮೇಲೆ ಅವಲಂಬಿತರಲ್ಲ. ಅವರ ಪಾಲನೆ ಪೋಷಣೆಯನ್ನು ನಾನು ಮಾಡುವುದಿಲ್ಲ. ಅವರು ಇನ್ನು ಮುಂದೆ ತಮ್ಮ ಮಗಳೊಂದಿಗೆ ವಾಸವಾಗಿರುತ್ತಾರೆ." ನಾನು ಬ್ಯಾಂಕಿನವಳು, ಸುಳ್ಳು ಕಾಗದ ಕೊಡುವುದಿಲ್ಲ. ಅವ್ವ ನಿಜವಾಗಿಯೂ ಇಲ್ಲಿಗೆ ಬಂದು ಇರಬೇಕು. ಹೆಣ್ಣುಮಗಳು ದುಡಿದರೆ ಅದರಲ್ಲಿ ತಾಯಿ ಬದುಕಬಾರದು ಎಂದು ಯಾವ ದೇವರು ಹೇಳಿದ್ದಾನೆ? ನನ್ನನ್ನು ಓದಿಸಿದವಳು ಅವಳು. ನನ್ನ ಸಂಬಳದ ಮೇಲೆ ಅವಳಿಗೆ ಹಕ್ಕಿಲ್ಲವೇ?

ನಿನಗೆ ಮರ್ಯಾದೆ ಬೇಕು. ಅವ್ವನಿಗೆ ನಿನ್ನ ಮರ್ಯಾದೆ ಬೇಕು. ನನಗೆ ಅವ್ವ ಬೇಕು, ಸಿದ್ದೂ.

ನಾಗರತ್ನಾ


ಇಜೇರಿ
೬ ಅಕ್ಟೋಬರ್ ೨೦೨೪

ಅಕ್ಕಾ,

ಹೋಗಿದ್ದೆ. ಅವ್ವನ ಆಧಾರ್ ಕಾರ್ಡು, ಹೆಬ್ಬೆಟ್ಟು ಏನಾದರೂ ಬೇಕಾದೀತು ಎಂದು ಅವಳನ್ನೂ ಕರೆದುಕೊಂಡು ಹೋದದ್ದೇ ದೊಡ್ಡ ತಪ್ಪಾಯಿತು. ಏನು ಬರೆಸುತ್ತಿದ್ದೇವೆ ಎಂದು ಅವಳಿಗೆ ಹೇಳಿರಲಿಲ್ಲ. ನೋಟರಿ ವಕೀಲರು ಬರೆದದ್ದನ್ನು ದೊಡ್ಡದಾಗಿ ಓದಿ, "ಹಂಗಾರ ನೀವು ತಾಯಿಗೆ ಊಟಕ್ಕ ಹಾಕಂಗಿಲ್ಲ, ನೋಡಿಕೊಳ್ಳಂಗಿಲ್ಲ, ಹೌದಲ್ರಿ?" ಎಂದು ಕೇಳಿದರು. ನಾನು ನೆಲ ನೋಡಿಕೊಂಡು "ಹೌದ್ರಿ" ಎಂದೆ.

ಮೂಲೆಯ ಬೆಂಚಿನ ಮೇಲಿದ್ದ ಅವ್ವ ಎದ್ದುಬಿಟ್ಟಳು. ಡಾಕ್ಟರಮ್ಮನ ಮುಂದೆ ಬಾಯಿ ಬಿಡದವಳು, ಅಕ್ಕಾ, ಅಲ್ಲಿ ರಸ್ತೆಗೆ ಕೇಳುವ ಹಾಗೆ ಕೂಗಿದಳು. "ಏ ವಕೀಲಪ್ಪಾ, ಹರಿ ಅದನ್ನ! ಇವ ಹೊಲದಿಂದ ಬಂದ ಕೂಡ್ಲೆ ಅವ್ವ ಉಂಡಳೇನು ಅಂತ ಕೇಳತಾನ. ನನಗ ದಮ್ಮ ಹತ್ತತದ ಅಂತ ನೀರಿನ ಕೊಡ ತಾನ ಹೊರತಾನ, ಓಣ್ಯಾಗ ಗಂಡಸರು ನಗತಾರ ಇವನ್ನ ನೋಡಿ. ಇಂಥವನ ಮ್ಯಾಲ ಹಿಂಗ ಬರದ್ರ ನಿನ್ನ ಕೈಗೆ ಹುಳ ಬೀಳತಾವ!"

ವಕೀಲರು ಪೆನ್ನು ಇಟ್ಟು ಕೈ ಮುಗಿದರು. "ಅವ್ವಾರು ಹಿಂಗನ್ನೂಮುಂದ ನಾ ಹೆಂಗ ಸಿಕ್ಕಾ ಹೊಡೀಲ್ರಿ? ನಾಳೆ ನನ್ನ ಕುತ್ತಿಗಿಗೆ ಬರತದ." ಬಾಗಿಲಲ್ಲಿ ನಿಂತ ಮಂದಿ ನನ್ನನ್ನು ನೋಡಿದ ನೋಟ ಬೇರೆ. ಒಬ್ಬ ಮುದುಕ "ಛೀ" ಎಂದು ಉಗುಳಿ ಹೋದ. ಅವ್ವ ಸಿಟ್ಟಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಒಬ್ಬಳೇ ನಡೆದಳು, ಅರ್ಧ ದಾರಿಯಲ್ಲಿ ಚಪ್ಪಲಿ ಅಂಗಡಿಯ ಮುಂದೆ ಕೂತುಬಿಟ್ಟಳು. ಎತ್ತಿಕೊಂಡು ಆಟೋಕ್ಕೆ ಹಾಕಿದೆ. ಒಂದು ಮಗುವಿನಷ್ಟೂ ಭಾರವಿಲ್ಲ.

ನನಗೂ ಸಾಕಾಗಿದೆ. ನಾನು ಮಗನಾಗಿದ್ದರೂ ತಪ್ಪು, ಆಗದಿದ್ದರೂ ತಪ್ಪು. ಇದು ಆಗುವ ಮಾತಲ್ಲ, ಬಿಟ್ಟುಬಿಡು.

ಸಿದ್ದರಾಮೇಶ


ಆಳಂದ
೨೫ ಅಕ್ಟೋಬರ್ ೨೦೨೪

ಸಿದ್ದೂ,

ರಿಜಿಸ್ಟರ್ ಪೋಸ್ಟ್ ಮುಟ್ಟಿತು. ಲಕೋಟೆಯನ್ನು ಕೊಡವಿ ನೋಡಿದೆ, ಮುದ್ರೆ ಹೊಡೆದ ಆ ಹೇಳಿಕೆ ಬಿಟ್ಟರೆ ಇನ್ನೇನೂ ಇರಲಿಲ್ಲ. ನೋಟರಿ ಬೇರೆಯವರು, ಊರೂ ಬೇರೆ. ಅಷ್ಟು ದೂರ ಒಬ್ಬನೇ ಹೋಗಿದ್ದೆಯಾ? ಅವ್ವನಿಗೆ ಏನೆಂದು ಹೇಳಿ ಹೋದೆ? ನಾನು ಕೇಳುವುದಿಲ್ಲ, ನೀನೂ ಬರೆಯಬೇಡ.

ಅರ್ಜಿ ಕೊಟ್ಟಿದ್ದೇನೆ. ಕಚೇರಿಯವರು ಆ ಹಾಳೆ ಓದಿ, "ಅಯ್ಯೋ, ಇಂಥಾ ತಮ್ಮನೇನ್ರಿ ಮೇಡಂ ನಿಮಗ?" ಎಂದರು. ಹೂಂ ಎಂದೆ. ಹಾಗನ್ನಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ತಿಳಿದಿರಲಿ.

ದೀಪಾವಳಿ ಮುಗಿದ ಮಾರನೇ ದಿನ ಅವ್ವನನ್ನು ಕರೆದುಕೊಂಡು ಬಾ. ತಪಾಸಣೆಗೆ ನಾಲ್ಕು ದಿನ ಅಂತ ಹೇಳು.

ನಿನ್ನ ಅಕ್ಕ


ಆಳಂದ
೧೭ ಡಿಸೆಂಬರ್ ೨೦೨೪

ಸಿದ್ದೂ,

ಹೋದ ತಿಂಗಳು ಆಪರೇಷನ್ನಿನ ದಿನ ನೀನು ಕಲಬುರಗಿ ದವಾಖಾನೆಯ ಹೊರಗಿನ ಬೇವಿನ ಮರದ ಕೆಳಗೆ ನಿಂತವನು ಒಳಗೆ ಬರಲೇ ಇಲ್ಲ. ಸಂಬಂಧ ಏನೆಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ನಿಂತಿದ್ದೆಯಂತೆ. ಗೌರಾಬಾಯಿ ಹೇಳಿದಳು. ಅದನ್ನು ಕೇಳಿ ನಾನು ಸಿಟ್ಟಾಗಬೇಕು ಎಂದುಕೊಂಡೆ, ಆಗಲಿಲ್ಲ.

ಅವ್ವನ ಗಾಯ ಮಾಗಿದೆ. ತುಟಿಗೆ ಬಣ್ಣ ಬಂದಿದೆ. ಈಗ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ನನ್ನ ಬಟ್ಟೆಯನ್ನೆಲ್ಲ ಮತ್ತೆ ಒಗೆಯುತ್ತಾಳೆ, ಕೆಲಸದವಳು ಸರಿಯಾಗಿ ಹಿಂಡುವುದಿಲ್ಲವಂತೆ. ನಮ್ಮ ಮನೆಯವರು ಎದುರಿಗೆ ಬಂದರೆ ಎದ್ದು ನಿಲ್ಲುತ್ತಾಳೆ. ತಟ್ಟೆಯಲ್ಲಿ ಎರಡನೇ ರೊಟ್ಟಿ ಹಾಕಿದರೆ "ಸಾಕವ್ವಾ, ಬ್ಯಾರೆಯವರ ಮನಿ" ಅನ್ನುತ್ತಾಳೆ. ನನ್ನ ಮನೆ, ಸಿದ್ದೂ, ಬೇರೆಯವರ ಮನೆಯಂತೆ! ಊರಿಗೆ ಹೊರಡಲು ದಿನಕ್ಕೊಂದು ಸಲ ಬಟ್ಟೆಯ ಗಂಟು ಕಟ್ಟುತ್ತಾಳೆ, ನಾನು ಬಿಚ್ಚುತ್ತೇನೆ. ಹೊಸ ಕವಾಟಕ್ಕೆ ಜೀವನಪೂರ್ತಿ ಗುಳಿಗೆ, ರಕ್ತ ಪರೀಕ್ಷೆ ಇದೆ. ಅವೂ ವಿಮೆಯಲ್ಲಿ ನಡೆಯುತ್ತವೆ. ನಡೆಯಬೇಕೆಂದರೆ ಅವಳು ಇಲ್ಲಿರಬೇಕು. ಇದನ್ನು ಇನ್ನೂ ಅವಳಿಗೆ ಪೂರ್ತಿ ಹೇಳಿಲ್ಲ.

ಎಳ್ಳಮಾಸಿ ಅಮಾವಾಸ್ಯೆಯ ಪೂಜೆಗೆ ಹೊಲಕ್ಕೆ ಹೋಗಲೇಬೇಕು ಎಂದು ಊಟ ಬಿಟ್ಟಿದ್ದಳು. ಒಂದು ವಾರಕ್ಕೆ ಕಳಿಸುತ್ತಿದ್ದೇನೆ. ವಿಮೆಯವರು ಹಣ ಕೊಟ್ಟ ಮೇಲೂ ವಿಚಾರಣೆಗೆ ಫೋನ್ ಮಾಡುವುದುಂಟಂತೆ. ಹಬ್ಬಕ್ಕೆ ಬಂದಿದ್ದಾಳೆ ಎಂದು ಹೇಳು, ಅದರಲ್ಲಿ ತಪ್ಪೇನಿಲ್ಲ. ಗಾಬರಿಯಾಗಿ ಏನೇನೋ ಒದರಬೇಡ.

ನಾಗರತ್ನಾ


ಇಜೇರಿ
೨ ಜನವರಿ ೨೦೨೫

ಅಕ್ಕಾ,

ನೀನು ಹೇಳಿದ್ದಕ್ಕೆ ಸರಿಯಾಗಿ ಫೋನ್ ಬಂತು, ನೀನು ಹೇಳಿದ್ದಕ್ಕೆ ಸರಿಯಾಗಿ ನಾನು ಗಾಬರಿಯಾದೆ.

ಎಳ್ಳಮಾಸಿ ದಿನ ಹೊಲದಲ್ಲಿ ಭೂಮಿತಾಯಿಗೆ ಚರಗದ ನೈವೇದ್ಯ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವನೇ ಬಡಿಸುತ್ತಿದ್ದಳು. ಬೇಡವೆಂದರೂ ಕೇಳದೆ ತಾನೇ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಎಲ್ಲ ಮಾಡಿದ್ದಳು. ನನ್ನ ಬಾಯಿ ತುಂಬ ಕಡಬು. ಆಗ ವಿಮೆಯವನ ಫೋನು. ಬೆಂಗಳೂರಿನ ಕಡೆಯ ಮಾತು, ಬಹಳ ಮರ್ಯಾದೆಯಿಂದ ಕೇಳಿದ: "ನಿಮ್ಮ ತಾಯಿಯವರನ್ನು ನೀವು ನೋಡಿಕೊಳ್ತಾ ಇಲ್ಲ ಅಂತ ಬರೆದುಕೊಟ್ಟಿದ್ದೀರಿ. ಅದು ನಿಜವಾ ಸರ್?"

"ಖರೆರಿ. ನೋಡಿಕೊಳ್ಳಂಗಿಲ್ರಿ. ಅಕಿ ಇಲ್ಲಿ ಇಲ್ಲೇ ಇಲ್ರಿ" ಎಂದುಬಿಟ್ಟೆ.

ಅಷ್ಟರಲ್ಲಿ ಅವ್ವ ನನ್ನ ಕಿವಿಯ ಹತ್ತಿರವೇ, "ಇನ್ನೊಂದ ಕಡಬ ಹಾಕ್ಕೊಳ್ಳೋ ಸಿದ್ರಾಮಾ, ಬರೀ ಮಾತಾಡಕೋತ ಕುಂತಿ" ಎಂದಳು.

ಅದು ಅವನಿಗೂ ಕೇಳಿಸಿತು. "ಈಗ ಮಾತಾಡಿದ್ದು ಯಾರು ಸರ್?" ಎಂದ. ನನ್ನ ಗಂಟಲಲ್ಲಿ ಕಡಬು ಸಿಕ್ಕಿತು. ಗೌರಾಬಾಯಿ ಫೋನ್ ಕಸಿದುಕೊಂಡು, ಹಬ್ಬಕ್ಕೆ ಮಗಳ ಮನೆಯಿಂದ ಬಂದಿದ್ದಾರೆ ಎಂದಳು. "ಹಾಗಾದರೆ ಅವರಿಗೇ ಕೊಡಿ" ಎಂದ. ಕೊಡದೆ ಗತಿ ಇರಲಿಲ್ಲ. ಅವ್ವ ಕೈ ಒರೆಸಿಕೊಂಡು ಫೋನ್ ಹಿಡಿದಳು. ಈಕೆ ಜೇವರ್ಗಿಯಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡುತ್ತಾಳೆ, ಎಲ್ಲ ಮುಗಿಯಿತು, ಗುಳಿಗೆಯೂ ಹೋಯಿತು, ನಿನ್ನ ನೌಕರಿಗೂ ಕುತ್ತು ಎಂದುಕೊಂಡೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಫೋನಿಗೆ ಹೇಳಿದಳು: "ಹೌದ್ರಿ ಸಾಹೇಬ್ರ. ಇವ ನನ್ನ ನೋಡಂಗಿಲ್ರಿ. ಒಂದ ತುತ್ತು ಕೂಳ ಹಾಕಂಗಿಲ್ಲ. ದವಾಖಾನಿ ಕಟ್ಟಿ ಹತ್ತಲಿಲ್ಲ ಈ ಭಾಡ್ಯಾ. ನನ್ನ ಮಗಳ ನನ್ನ ಸಾಕಾಕತ್ಯಾಳ. ಅಕಿ ಇಲ್ಲಂದ್ರ ನಾ ಎಂದೋ ಮಣ್ಣಾಗಿ ಹೋಗತಿದ್ದೆ. ನಾ ಮಗಳ ಮನ್ಯಾಗ ಇರತೇನಿ. ಇನ್ನ ಮುಂದೂ ಅಲ್ಲೇ ಇರತೇನಿ."

ದನಿ ಒಂದಿಷ್ಟೂ ನಡುಗಲಿಲ್ಲ. ಅಕ್ಕಾ, ಅವಳಿಗೆ ಯಾವಾಗಿನಿಂದ ಎಲ್ಲ ಗೊತ್ತಿತ್ತೋ ನನಗೆ ತಿಳಿಯದು. ಗೌರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಥ್ಯಾಂಕ್ಸ್ ಅಮ್ಮ ಎಂದು ಫೋನ್ ಇಟ್ಟ. ನಿನ್ನ ವಿಮೆಗೆ ಏನೂ ಆಗುವುದಿಲ್ಲ.

ಅವ್ವ ತಿರುಗಿ ನನ್ನ ತಟ್ಟೆಗೆ ಕಡಬು ಹಾಕಿದಳು. ಹಾಕಿ ಕೇಳಿದಳು, "ಅವ ನಂಬಿದನೇನೋ?"

"ನಂಬಿದ, ಯವ್ವಾ."

"ಹೆಂಗ ನಂಬಿದ ಅವ?"

"ನೀನ ಹೇಳಿದ್ಯಲ್ಲಾ?"

"ನಾ ಹೇಳಿದ್ರ? ನಾ ಹೇಳಿದ್ರ ನಂಬಿಬಿಡಬೇಕೇನು? ನನ್ನ ಮಗನ್ನ ಅಂದ್ರ ಒಂದ ಮಾತ ತಿರುಗಿ ಕೇಳಬಾರದೇನು ಅವ? ಇಲ್ಲವ್ವಾ, ನಿನ್ನ ಮಗ ಅಂಥವ ಇರಲಿಕ್ಕಿಲ್ಲ ಅನಬಾರದೇನು? ಎಂಥಾ ಮಂದಿ ಅದಾರಪ್ಪ ಇವರು! ಹಚ್ಚು ಫೋನ. ಹಚ್ಚತಿಯೋ ಇಲ್ಲೋ? ಅವನ್ನ ಒಂದ ಮಾತ ಕೇಳತೇನಿ ನಾ."

ಮೂರು ದಿನದಿಂದ ಇದೇ ನಡೆದಿದೆ. ಗೌರಾಬಾಯಿ ಫೋನನ್ನು ಜೋಳದ ಚೀಲದಲ್ಲಿ ಹೂತಿಟ್ಟಿದ್ದಾಳೆ. ಅವ್ವ ಮನೆಯೆಲ್ಲ ಹುಡುಕುತ್ತಿದ್ದಾಳೆ, ಈಗ ಅವಳಿಗೆ ದಮ್ಮೂ ಹತ್ತುವುದಿಲ್ಲ. ಬೇಗ ಬಂದು ಕರೆದುಕೊಂಡು ಹೋಗು.

ನಿನ್ನ ತಮ್ಮ,
ಸಿದ್ದರಾಮೇಶ